ಯುಗಾದಿಗೆ ಒಬ್ಬಟ್ಟು ಹೊರಗಿಂದ ತರಿಸಿ, ಉಳಿದ ಅಡುಗೆ ಮನೆಯಲ್ಲಿ ಮಾಡಿದರೆ ಸುಲಭ ಆಗುತ್ತಾ?

ಇಪ್ಪತ್ತು ಜನ, ಹನ್ನೆರಡು ಐಟಂ, ಮೊದಲ ಸಲ ನಿಮ್ಮ ಮನೆಯಲ್ಲಿ ಹಬ್ಬ. ಒಬ್ಬಟ್ಟು ಮಾತ್ರ ಅಂಗಡಿಯಿಂದ ತರಿಸಿಬಿಡೋಣ ಅಂತಿದ್ದೀರಿ. ದಯವಿಟ್ಟು ಅದನ್ನ ತಿರುಗಿಸಿ. ಬೇರೆ ಏನು ಬೇಕಾದರೂ ಹೊರಗಿಂದ ಬರಲಿ, ಬೇಳೆ ಮಾತ್ರ ನಿಮ್ಮ ಮನೆಯಲ್ಲೇ ಬೇಯಲಿ. ಒಬ್ಬಟ್ಟು ಡಬ್ಬಿಯಲ್ಲಿ ಬಂದರೆ ಕಟ್ಟು, ಅಂದರೆ ಬೇಳೆ ಬೇಯಿಸಿ ಬಸಿದ ನೀರು, ಎಲ್ಲಿಂದ ಬರುತ್ತೆ? ಕಟ್ಟಿಲ್ಲದೆ ಒಬ್ಬಟ್ಟಿನ ಸಾರು ಹೇಗೆ ಮಾಡ್ತೀರಿ? ನಮ್ಮ ಕಡೆ ಜನ ಒಬ್ಬಟ್ಟು ಎರಡು ತಿಂದು ಸಾಕು ಅಂತಾರೆ, ಸಾರಿಗೆ ಮಾತ್ರ ಮೂರು ಸಲ ಅನ್ನ ಹಾಕಿಸಿಕೊಳ್ತಾರೆ.

ನಾನೂ ಹೀಗೇ ಒಂದು ಯುಗಾದಿಗೆ ಸಿಕ್ಕಿಕೊಂಡಿದ್ದೆ. 2024ರಲ್ಲಿ, ಹಬ್ಬ ಏಪ್ರಿಲ್ 9ಕ್ಕೆ ಬಂದಿತ್ತು. ಆ ವರ್ಷ ತುಮಕೂರಲ್ಲಿ ಎಂಥ ಬಿಸಿಲು ಅಂತ ಗೊತ್ತಲ್ವಾ? ಅಲ್ಲಿವರೆಗೂ ಹಬ್ಬ ಅಂದರೆ ಗುಬ್ಬಿ ಹತ್ತಿರದ ನಮ್ಮ ಊರಲ್ಲೇ, ಅತ್ತೆಯ ಉಸ್ತುವಾರಿಯಲ್ಲೇ. ಅವರಿಗೆ ಮಂಡಿನೋವು ಜಾಸ್ತಿಯಾಗಿ ಒಲೆ ಮುಂದೆ ನಿಲ್ಲೋಕೆ ಆಗ್ತಿರಲಿಲ್ಲ. ಎಲ್ಲರೂ ತುಮಕೂರಿಗೇ ಬರಲಿ ಅಂತ ನಾನೇ ಕರೆದೆ. ಊರಿಂದ ಭಾವ, ವಾರಗಿತ್ತಿ, ಮಕ್ಕಳು. ತಿಪಟೂರಿಂದ ನಾದಿನಿ ಮನೆಯವರು. ಬೆಂಗಳೂರಿಂದ ಚಿಕ್ಕತ್ತೆ, ಚಿಕ್ಕಮಾವ.

ಎಣ್ಣೆಸ್ನಾನ, ಪೂಜೆ, ಬೇವುಬೆಲ್ಲ ಎಲ್ಲ ಮುಗಿದಾಗ ಹತ್ತೂವರೆ. ಚಿತ್ರಾನ್ನ, ಎರಡು ಪಲ್ಯ, ಗೊಜ್ಜು, ಪಾಯಸ, ವಡೆ ಅಂತ ಪಟ್ಟಿ ಉದ್ದಕ್ಕಿತ್ತು. ಟೈಮ್ ಉಳಿಯುತ್ತೆ ಅಂತ ಒಂದೂವರೆ ಕೆಜಿ ತೊಗರಿಬೇಳೆಯನ್ನ ಎರಡು ಕುಕ್ಕರಿಗೆ ಹಾಕಿ ಮೂರು ಕೂಗು ಕೂಗಿಸಿದೆ. ಆ ದಿನ ಕೆಟ್ಟಿದ್ದು ಅಲ್ಲೇ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಏನೇನು ಕೆಟ್ಟಿತೋ ಅದಷ್ಟೂ ಈ ಕುಕ್ಕರಿಂದಲೇ.

ಒಬ್ಬಟ್ಟಿಗೆ ಬೇಳೆ ಬೇಯಬೇಕು, ಕರಗಬಾರದು. ಎರಡು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಆದರೆ ಪಾತ್ರೆಯೊಳಗೆ ನೋಡಿದರೆ ಬೇಳೆ ಬೇಳೆಯಾಗೇ ಕಾಣಬೇಕು. ಆಗ ಬಸಿದರೆ ತಿಳಿಯಾದ ಕಟ್ಟು ಕೆಳಗೆ ಇಳಿಯುತ್ತೆ, ಬೇಳೆ ಮೇಲೆ ಉಳಿಯುತ್ತೆ. ಕುಕ್ಕರಲ್ಲಿ ಆ ಹದ ಕಣ್ಣಿಗೇ ಬೀಳಲ್ಲ. ಮುಚ್ಚಳ ತೆಗೆದರೆ ಬೇಳೆ, ನೀರು ಎರಡೂ ಒಂದಾಗಿ ಗಂಜಿಯಾಗಿತ್ತು. ಜರಡಿಗೆ ಸುರಿದೆ, ಏನೂ ಇಳಿಯಲಿಲ್ಲ. ಸಾರಿಗೆ ಕಟ್ಟು ಬೇಕಲ್ಲ ಅಂತ ಮೇಲಿಂದ ಬಿಸಿನೀರು ಹಾಕಿ ಕಲಕಿ ಬಸಿದೆ. ಅದರಿಂದ ಬೇಳೆ ಇನ್ನೂ ನೀರಾಯ್ತು. ಅದೇ ನೀರಿನ ಬೇಳೆಗೆ ಬೆಲ್ಲ ಹಾಕಿದೆ. ಬೆಲ್ಲ ಕರಗಿದರೆ ಅದರದ್ದೇ ಪಾಕ ಬಿಡುತ್ತೆ, ಹೂರಣ ಮತ್ತಷ್ಟು ತೆಳ್ಳಗಾಯ್ತು. ಒಲೆ ಮೇಲಿಟ್ಟು ಮಗುಚಿದೆ, ಮಗುಚಿದೆ, ಗಟ್ಟಿಯಾಗಲೇ ಇಲ್ಲ. ಕೊನೆಗೆ ಹುರಿಗಡಲೆ ಪುಡಿ ಬೆರೆಸಿ ಉಂಡೆ ಕಟ್ಟಿದೆ.

ಕಣಕದೊಳಗೆ ಉಂಡೆ ಇಟ್ಟು ಬಾಳೆಲೆ ಮೇಲೆ ತಟ್ಟಿದರೆ ಅಂಚಲ್ಲಿ ಹರಿಯೋದು. ಹೆಂಚಿಗೆ ಹಾಕಿದರೆ ಹರಿದ ಕಡೆಯಿಂದ ಹೂರಣ ಹೊರಗೆ ಬಂದು, ಬೆಲ್ಲ ಹೆಂಚಿಗೆ ಅಂಟಿ ಕಪ್ಪಗೆ ಸೀಯೋದು. ಆಮೇಲಿನದ್ದು ಹಾಕೋಕೆ ಮುಂಚೆ ಹೆಂಚು ಕೆರೆದು, ಒರೆಸಿ, ಮತ್ತೆ ಎಣ್ಣೆ ಸವರಬೇಕು. ಎರಡು ನಿಮಿಷದ ಕೆಲಸಕ್ಕೆ ಆರು ನಿಮಿಷ.

ಇದೆಲ್ಲ ಅಡುಗೆಮನೆಯ ತಾಪತ್ರಯ, ಬಿಡಿ. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಚಿಕ್ಕಮಾವನ ವಿಷಯಕ್ಕೆ. ಅವರಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್ ತಗೋತಾರೆ. ಒಂದು ಗಂಟೆಗೆ "ಎಲೆ ಹಾಕ್ತೀನಿ ಮಾವ, ಇನ್ನೇನು ಆಯ್ತು" ಅಂದೆ. ಅವರು ಆ ಮಾತು ನಂಬಿ ಇಂಜೆಕ್ಷನ್ ತಗೊಂಡರು. ಎರಡು ಗಂಟೆಯಾದರೂ ಎಲೆ ಹಾಕಲಿಲ್ಲ. ಯಾರ ಹತ್ತಿರವೂ ಹೇಳದೆ ಹಾಲ್‌ನಲ್ಲಿ ಕೂತಿದ್ದರು. ನಾದಿನಿ ನೋಡಿದಾಗ ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ದೇವರ ಮುಂದಿದ್ದ ಬೇವುಬೆಲ್ಲದ ಬಟ್ಟಲಿಂದ ಬೆಲ್ಲ ಬೇರೆ ಮಾಡಿ, ನೀರಲ್ಲಿ ಕದಡಿ ಕುಡಿಸಿದಳು. ಹದಿನೈದು ನಿಮಿಷದಲ್ಲಿ ಸರಿಹೋದರು. ಅವರು ಒಂದು ಮಾತೂ ಅನ್ನಲಿಲ್ಲ. ನಾನು ಅವರ ಮುಂದೆ ಬರಿ ಅನ್ನ, ಪಲ್ಯ ಇಟ್ಟು ಒಳಗೆ ಬಂದು ಅತ್ತುಬಿಟ್ಟೆ.

ಹಾಗಾಗಿ ಯಾವ ಮೆನು ಬರೆಯೋಕೂ ಮುಂಚೆ, ಬರೋರಲ್ಲಿ ಯಾರಿಗೆ ಶುಗರ್ ಇದೆ, ಯಾರು ಇನ್ಸುಲಿನ್ ತಗೋತಾರೆ ಕೇಳಿ ಇಟ್ಟುಕೊಳ್ಳಿ. ಅವರಿಗೆ ಅವರ ಟೈಮಿಗೆ ಊಟ. ಎಲ್ಲರ ಜೊತೆ ಪಂಕ್ತಿಯಲ್ಲೇ ಕೂರಬೇಕು ಅನ್ನೋ ಶಾಸ್ತ್ರ ಅವರಿಗೆ ಬೇಡ. ಎಲೆ ಎದುರಿಗೆ ಬರೋವರೆಗೂ "ಆಯ್ತು ಆಯ್ತು" ಅಂತ ಹೇಳಬೇಡಿ.

ಈಗ ನಿಮ್ಮ ಹನ್ನೆರಡು ಐಟಂ ವಿಷಯ. ಐದು ಸಾಕು. ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಅನ್ನಕ್ಕೆ ಒಬ್ಬಟ್ಟಿನ ಸಾರು, ಒಬ್ಬಟ್ಟು. ತುಪ್ಪ, ಹಾಲು, ಹಪ್ಪಳ ಹೇಗೂ ಇರುತ್ತೆ. ಆಂಬೊಡೆ ಬೇಕೇ ಬೇಕು ಅಂದರೆ ಹೊರಗಿಂದ ತರಿಸಿ. ಪಾಯಸ ಯಾಕೆ? ಒಬ್ಬಟ್ಟು ಇರೋ ಎಲೆಯಲ್ಲಿ ಪಾಯಸ ಸುಮ್ನೆ ಎಲೆ ತುಂಬಿಸೋಕೆ. ತಿಂಡಿಯನ್ನಂತೂ ಮನೆಯಲ್ಲಿ ಮಾಡಲೇಬೇಡಿ. ನೀವು ತುಮಕೂರಲ್ಲೇ ಇದ್ದೀರಲ್ಲ, ಕ್ಯಾತ್ಸಂದ್ರದಿಂದ ತಟ್ಟೆಇಡ್ಲಿ ಕಟ್ಟಿಸಿ ತರೋಕೆ ಗಂಡಸರನ್ನ ಕಳಿಸಿ. ಹಬ್ಬದ ದಿನ ಹೋಟೆಲ್ ತೆಗೆದಿರುತ್ತಾ ಅಂತ ಹಿಂದಿನ ದಿನವೇ ಕೇಳಿಕೊಳ್ಳಲಿ. ತರಕಾರಿ, ಬಾಳೆಲೆಗೆ ಅಂತರಸನಹಳ್ಳಿ ಮಾರ್ಕೆಟ್ಟಿಗೆ ಎರಡು ದಿನ ಮುಂಚೆ ಹೋಗಿ. ಹಿಂದಿನ ದಿನ ಹೋದರೆ ರಶ್ಶು, ರೇಟು ಎರಡೂ ಜಾಸ್ತಿ.

ನಿಜವಾಗಿ ಲೆಕ್ಕ ಹಾಕಬೇಕಾಗಿರೋದು ಹೆಂಚಿನದ್ದು. ತಲೆಗೆ ಎರಡು ಅಂದರೂ ಇಪ್ಪತ್ತು ಜನಕ್ಕೆ 40 ಒಬ್ಬಟ್ಟು. ಹೋಗುವಾಗ ಕಟ್ಟಿಕೊಡದೆ ಇರ್ತೀರಾ? ಒಟ್ಟು 60 ಅಂತಿಟ್ಟುಕೊಳ್ಳಿ. ಎಲ್ಲ ಹದವಾಗಿದ್ದರೂ ಒಂದಕ್ಕೆ ಎರಡು ನಿಮಿಷ, ಅಲ್ಲಿಗೇ ಎರಡು ಗಂಟೆ. ಅಷ್ಟೂ ಹೊತ್ತು ಒಂದು ಒಲೆ ಬೇರೆ ಯಾವುದಕ್ಕೂ ಸಿಗಲ್ಲ. ಅದಕ್ಕೇ ಅರ್ಧದಷ್ಟು ಒಬ್ಬಟ್ಟನ್ನ ಹಿಂದಿನ ದಿನ ಸಂಜೆಯೇ ಬೇಯಿಸಿ. ಒಬ್ಬಟ್ಟು ಮರುದಿನಕ್ಕೆ ಇನ್ನೂ ಮೆತ್ತಗಾಗುತ್ತೆ, ಯಾರೂ ಬೇಡ ಅನ್ನಲ್ಲ. ದೇವರ ನೈವೇದ್ಯಕ್ಕೆ ಅವತ್ತೇ ಮಾಡಿದ್ದು ಬೇಕು ಅನ್ನೋ ಮನೆಯಾದರೆ ಬೆಳಗ್ಗೆ ಮಾಡಿದ್ದನ್ನ ಇಡಿ.

60ಕ್ಕೆ ಒಂದೂವರೆ ಕೆಜಿ ತೊಗರಿಬೇಳೆ, ಅಷ್ಟೇ ಬೆಲ್ಲ. ಕೆಲವರು ಕಡಲೆಬೇಳೆಯಲ್ಲಿ ಮಾಡ್ತಾರೆ, ಆದರೆ ಸಾರಿಗೆ ತೊಗರಿಬೇಳೆ ಕಟ್ಟಿನ ರುಚಿಯೇ ಬೇರೆ. ಅಗಲ ಬಾಯಿಯ ಪಾತ್ರೆಯಲ್ಲಿ ಏಳು ಲೀಟರ್ ನೀರು ಕುದಿಸಿ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ, ಆಮೇಲೆ ಬೇಳೆ. ಮುಚ್ಚಬೇಡಿ, ಪಕ್ಕದಿಂದ ಕದಲಬೇಡಿ. ಅರೆಬೆಂದಿದ್ದರೂ ಕಷ್ಟವೇ, ಬೆಲ್ಲ ಬಿದ್ದ ಮೇಲೆ ಬೇಳೆ ಬೇಯಲ್ಲ. ಹದಕ್ಕೆ ಬಂದ ಕೂಡಲೇ ಬಸಿದು, ಬೇಳೆಯನ್ನ ತೆಳು ಬಟ್ಟೆ ಮೇಲೆ ಹರಡಿ ಅರ್ಧ ಗಂಟೆ ಬಿಡಿ. ಮುಟ್ಟಿದರೆ ಕೈಗೆ ನೀರು ಹತ್ತಬಾರದು. ಆಮೇಲೆ ಬೆಲ್ಲ ಸೇರಿಸಿ ಮಗುಚಿ, ಸೌಟು ನೆಟ್ಟರೆ ನಿಲ್ಲಬೇಕು. ಬಿಸಿ ಇರುವಾಗಲೇ ಏಲಕ್ಕಿ ಹಾಕಿ ರುಬ್ಬಿ. ಆರಿದರೆ ಮಿಕ್ಸಿ ತಿರುಗಲ್ಲ. ಕಣಕವನ್ನ ಚಿರೋಟಿ ರವೆ, ಮೈದಾ ಬೆರೆಸಿ ಕಲಸಿ, ಮೇಲೆ ಎಣ್ಣೆ ಹೊಯ್ದು ಎರಡು ಮೂರು ಗಂಟೆ ನೆನೆಯೋಕೆ ಬಿಡಿ. ಎಳೆದರೆ ರಬ್ಬರಿನ ಹಾಗೆ ಬರಬೇಕು.

ಯುಗಾದಿ ಹೊತ್ತಿಗೆ ಸೆಕೆ, ಹೂರಣ ಹೊರಗಿಟ್ಟರೆ ರಾತ್ರಿಯೊಳಗೆ ಹುಳಿ ಬರುತ್ತೆ. ಉಳಿದ ಹೂರಣ, ಕಟ್ಟು ಎರಡನ್ನೂ ಫ್ರಿಜ್ಜಿಗೆ ಇಡಿ. ಸಾರಿಗೆ ಒಂದು ಹಿಡಿ ಹೂರಣ ಎತ್ತಿಡೋದು ಮರೀಬೇಡಿ. ಕಟ್ಟು, ಹುಣಸೆಹುಳಿ, ತೆಂಗಿನಕಾಯಿ ಜೊತೆ ರುಬ್ಬಿದ ಮಸಾಲೆ, ಆ ಹಿಡಿ ಹೂರಣ, ಇಂಗಿನ ಒಗ್ಗರಣೆ. ಇಪ್ಪತ್ತು ಜನಕ್ಕೂ ಆಗುತ್ತೆ.

ಕೈಗೆ ಜನ ಬೇಕೇ ಬೇಕು. ಒಬ್ಬರು ತಟ್ಟೋಕೆ, ಒಬ್ಬರು ಬೇಯಿಸೋಕೆ. ಬರೋ ನೆಂಟರಲ್ಲಿ ಚೆನ್ನಾಗಿ ತಟ್ಟೋರು ಯಾರಿದ್ದಾರೋ ಅವರನ್ನ ಹಿಂದಿನ ದಿನವೇ ಕರೆಸಿಕೊಳ್ಳಿ. ಹೊಸ ಸೊಸೆ ಒಬ್ಬಳೇ ಮಾಡಿದಳು ಅನ್ನಿಸಿಕೊಳ್ಳೋ ಆಸೆ ಇದ್ದರೆ ಬಿಟ್ಟುಬಿಡಿ. ಮುಂದಿನ ವರ್ಷ ನಾನು ವಾರಗಿತ್ತಿಯನ್ನ ಹಾಗೇ ಕರೆಸಿಕೊಂಡೆ, ಅತ್ತೆ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತು ಬೇಳೆಯ ಹದ ನೋಡಿದರು. ಒಂದು ಗಂಟೆಗೆ ಎಲೆ ಬಿತ್ತು. ಚಿಕ್ಕಮಾವನಿಗೆ ಮಾತ್ರ ಹನ್ನೆರಡೂವರೆಗೇ ಬಡಿಸಿದ್ದೆ.

ಯುಗಾದಿ ಮರುದಿನದ ಹೊಸತೊಡಕಿನ ಬಾಡೂಟವನ್ನೂ ನೀವೇ ಮೈಮೇಲೆ ಎಳೆದುಕೊಳ್ಳಬೇಡಿ. ಊರಲ್ಲಿ ಗುಡ್ಡೆಮಾಂಸಕ್ಕೆ, ಅಂದರೆ ಎಲ್ಲರೂ ಸೇರಿ ಪಾಲು ಹಾಕಿಕೊಳ್ಳೋ ಮಾಂಸಕ್ಕೆ, ಮೊದಲೇ ದುಡ್ಡು ಕಟ್ಟಿದ್ದರೆ ಸರಿ, ಇಲ್ಲದಿದ್ದರೆ ಮಟನ್ ಅಂಗಡಿ ಕ್ಯೂಗೆ ಗಂಡಸರು ಬೆಳಗಿನ ಜಾವ ಹೋಗಲಿ, ಸಾರೂ ಅವರೇ ಮಾಡಲಿ. ತೊಡಕು ಸೋಮವಾರ ಬಂದರೆ ಎಷ್ಟೋ ಮನೆಗಳಲ್ಲಿ ಬಾಡು ಮರುದಿನಕ್ಕೆ ಹೋಗುತ್ತೆ, 2025ರಲ್ಲಿ ಹಾಗೇ ಆಯ್ತು. ಅಂಥ ವರ್ಷ ನೆಂಟರು ಎಷ್ಟು ದಿನ ಇರ್ತಾರೆ ಅಂತ ಕೇಳಿಕೊಂಡು ಬೇಳೆ ಇನ್ನೊಂದು ಅರ್ಧ ಕೆಜಿ ಜಾಸ್ತಿ ತನ್ನಿ.