ಕಾಸರಗೋಡಿನ ಹಳ್ಳಿ ಆರೋಗ್ಯ ಕೇಂದ್ರದಲ್ಲಿ ಹೌಸ್ ಸರ್ಜನ್ಸಿ: ಕಲಿಯಲಿಕ್ಕೆ ಏನಾದರೂ ಉಂಟಾ?

ಮುಳ್ಳೇರಿಯ ಕಡೆ ಹೌಸ್ ಸರ್ಜನ್ಸಿಯ (ಎಂಬಿಬಿಎಸ್ ಓದು ಮುಗಿದ ಮೇಲಿನ ತರಬೇತಿ) ಪೋಸ್ಟಿಂಗ್ ಬಿದ್ದಿದೆ, ಬರುವುದೆಲ್ಲ ಜ್ವರ, ಬಿಪಿ, ಶುಗರ್, ಆ ಹೊತ್ತಿನಲ್ಲಿ ಪಿಜಿ ಎಂಟ್ರೆನ್ಸಿಗೆ ಓದಿದರೆ ತಪ್ಪೇನು ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿಕೊಂಡು ಅದೇ ಕಡೆಗೆ ಬಸ್ಸು ಹತ್ತಿದ್ದೆ, ಬ್ಯಾಗಿನ ತುಂಬ ಎಂಸಿಕ್ಯೂ ಪುಸ್ತಕ.

ಜುಲೈ ತಿಂಗಳು, ಬಿಡದ ಮಳೆ. ಅಡಿಕೆ ತೋಟದ ಕೆಲಸದವರೊಬ್ಬರು ಎರಡು ದಿನದ ಜ್ವರ, ಮೈಕೈ ನೋವು ಅಂತ ಬಂದರು. ಇಲಿಜ್ವರ, ಅಂದರೆ ಇಲಿಯ ಮೂತ್ರ ಸೇರಿದ ನೀರಿನಿಂದ ಚರ್ಮದ ಒಡಕಿನ ಮೂಲಕ ಅಂಟುವ ಲೆಪ್ಟೊಸ್ಪೈರೋಸಿಸ್, ನನಗೆ ನೆನಪಾಗದೆ ಇರಲಿಲ್ಲ. ಕೇಳಿದೆ ಕೂಡ: "ಗದ್ದೆ ಕೆಲಸಕ್ಕೆ ಹೋಗ್ತೀರಾ? ನೆರೆ ನೀರಿಗೆ ಇಳಿದಿದ್ದೀರಾ?" "ಇಲ್ಲ ಡಾಕ್ಟ್ರೇ" ಅಂದರು. ಪ್ಯಾರಾಸಿಟಮಾಲ್ ಬರೆದು ಮುಂದಿನವರನ್ನು ಕರೆದೆ.

ಅವರು ಹೇಳಿದ್ದು ಸುಳ್ಳಲ್ಲ. ಆ ಬಯಲಿನಲ್ಲಿ ಗದ್ದೆ ಹೋಗಿ ಎಷ್ಟೋ ವರ್ಷವಾಗಿತ್ತು, ಎಲ್ಲ ಅಡಿಕೆ. ನೆರೆಯೂ ಬಂದಿರಲಿಲ್ಲ. ಆದರೆ ಹಿಂದಿನ ವಾರವಿಡೀ ಅವರು ತೋಟದ ಕಣಿ (ಅಡಿಕೆ ಸಾಲುಗಳ ನಡುವೆ ನೀರು ಹರಿಯುವ ಕಾಲುವೆ) ಬಿಡಿಸಿದ್ದರು. ಮೊಣಕಾಲುದ್ದ ಕೆಸರು ನೀರು, ಬರಿಗಾಲು, ಇಲಿಗಳು ಓಡಾಡುವ ಜಾಗ. "ಕಣಿ ಕೆಲಸ ಮಾಡಿದ್ರಾ?" ಅಂತ ಕೇಳಿದ್ದರೆ ಹೌದು ಅಂತಿದ್ದರು. ನಮ್ಮ ಮನೆಯಲ್ಲೂ ಅಡಿಕೆ ತೋಟ ಉಂಟು, ಕಣಿ ಗೊತ್ತಿಲ್ಲದವನಲ್ಲ ನಾನು. ಪರೀಕ್ಷೆಗೆ ಕಲಿತದ್ದು ಗದ್ದೆ, ಚರಂಡಿ, ನೆರೆ ಅಂತ. ಕುರ್ಚಿಯಲ್ಲಿ ಕೂತಾಗ ಬಾಯಿಗೆ ಅದೇ ಬಂತು. ಕಾಲನ್ನಾದರೂ ನೋಡಿದ್ದೆನಾ? ಅದೂ ಇಲ್ಲ. ಮೇಜಿನ ಆಚೆ, ಎರಡು ಅಡಿ ದೂರದಲ್ಲಿತ್ತು ಅವರ ಕಾಲು.

ಮೂರನೇ ದಿನ ಆಟೋದಲ್ಲಿ ಕರೆದುಕೊಂಡು ಬಂದರು. ಕಣ್ಣು ಕೆಂಪು, ಅದರ ಮೇಲೆ ಹಳದಿ. ಹಿಂದಿನ ದಿನದಿಂದ ಮೂತ್ರ ಸರಿಯಾಗಿ ಹೋಗಿರಲಿಲ್ಲ. ಸಿಸ್ಟರ್ ಸುಮ್ಮನೆ ಲುಂಗಿ ಸ್ವಲ್ಪ ಸರಿಸಿ ಪಾದ ತೋರಿಸಿದರು. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಕಿತ್ತುಬಂದಿತ್ತು, ಹಿಮ್ಮಡಿಯ ಒಡಕಿನೊಳಗೆ ಕಪ್ಪು ಕೆಸರು ಹಾಗೇ ಇತ್ತು. ಮೀನಖಂಡ ಒತ್ತಿದರೆ ಕೂಗಿದರು. ಮಂಗಳೂರಿಗೆ ಕಳಿಸಿದೆವು. ಡಯಾಲಿಸಿಸ್ ಆಯಿತು, ಜೀವ ಉಳಿಯಿತು, ಆ ವರ್ಷದ ದುಡಿಮೆ ಪೂರ್ತಿ ಹೋಯಿತು. ಶುರುವಿನಲ್ಲೇ ಕೊಡಬೇಕಾಗಿದ್ದ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ನಮ್ಮ ಫಾರ್ಮಸಿಯಲ್ಲೇ ಇತ್ತು. ಅವರ ಹೆಂಡತಿ ಜಗಳ ಮಾಡಲಿಲ್ಲ. "ಮೊದಲು ನೀವೇ ನೋಡಿದ್ದಲ್ವಾ ಡಾಕ್ಟ್ರೇ" ಅಂತ ಮಾತ್ರ ಕೇಳಿದರು.

ಅದಕ್ಕೇ ಹೇಳುವುದು, ನಿಮ್ಮ ಪ್ರಶ್ನೆಯ ಬುಡವೇ ತಪ್ಪು. ಮಂಗಳೂರಿನ ವಾರ್ಡಿಗೆ ಇಲಿಜ್ವರ ಬರುವುದು ಕಣ್ಣು ಹಳದಿಯಾದ ಮೇಲೆ. ಆಗ ಯಾರು ಬೇಕಾದರೂ ಹೆಸರು ಹೇಳುತ್ತಾರೆ. ಹಳ್ಳಿಗೆ ಬರುವುದು ಎರಡನೇ ದಿನ, ಬರೀ ಜ್ವರದ ವೇಷದಲ್ಲಿ. ಮೊದಲ ವಾರ ಆ್ಯಂಟಿಬಾಡಿ ಟೆಸ್ಟ್ ಕೂಡ ನೆಗೆಟಿವ್ ಬರಬಹುದು. ಆಗ ಕೈಯಲ್ಲಿ ಇರುವುದು ನಿಮ್ಮ ಪ್ರಶ್ನೆ, ಅವರ ಪಾದ, ಅಷ್ಟೇ. ಇದಕ್ಕಿಂತ ಕಷ್ಟದ ಪಾಠ ಯಾವ ವಾರ್ಡಿನಲ್ಲೂ ಇಲ್ಲ. ಇದೇ ಜಿಲ್ಲೆಯ ಎಣ್ಮಕಜೆಯ ಪಡ್ರೆಯಲ್ಲಿ ಹಳ್ಳಿ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಜನರ ಆರೋಗ್ಯದಲ್ಲಿ ಏನೋ ಸರಿಯಿಲ್ಲ ಅಂತ ಗುರುತಿಸಿದ್ದು ಮನೆ ಮನೆ ಪರಿಚಯ ಇದ್ದದ್ದಕ್ಕೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು 2000ದಲ್ಲಿ ನಿಂತಿತು; ಅಷ್ಟರೊಳಗೆ ಎಷ್ಟು ಮನೆಗಳಲ್ಲಿ ಏಳಲಾಗದ ಮಕ್ಕಳಿದ್ದರು!

ಮಂಗಳೂರು ಹತ್ತಿರವೇ ಉಂಟಲ್ಲ ಅಂತಲೂ ಬರೆದಿದ್ದೀರಿ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ಆ ಹತ್ತಿರ ಎಷ್ಟು ದೂರವಾಯಿತು ಅಂತ ಇಲ್ಲಿಯವರನ್ನು ಕೇಳಿ.

ನನ್ನ ಕಾಲದಲ್ಲಿ ಕಮ್ಯುನಿಟಿ ಮೆಡಿಸಿನ್, ಅಂದರೆ ಹಳ್ಳಿಯ ಈ ಪೋಸ್ಟಿಂಗ್, ಎರಡೇ ತಿಂಗಳು, ಈಗ 12 ವಾರ. ಅದನ್ನು ಪುಸ್ತಕಕ್ಕೆ ಕೊಡಬೇಡಿ, ಓದುವುದು ರಾತ್ರಿಗಿರಲಿ. ತುಳು ಬರದಿದ್ದರೆ ಸಿಸ್ಟರ್ ಹತ್ತಿರ ಕಲಿಯಿರಿ, ಮಲಯಾಳವೂ ಅಷ್ಟೇ. ಮೊದಲ ವಾರವೇ ಆಶಾ ಅಕ್ಕನ ಜೊತೆ ತೋಟಗಳಿಗೆ ಇಳಿಯಿರಿ. ಕಣಿ ಕೆಲಸದವರಿಗೆ ಇಲಿಜ್ವರ ಬಾರದಂತೆ ವಾರಕ್ಕೊಮ್ಮೆ ಕೊಡುವ 200 ಮಿ.ಗ್ರಾಂ ಡಾಕ್ಸಿಸೈಕ್ಲಿನ್ ಸಿಕ್ಕಿದೆಯಾ ಕೇಳಿ. ಉಂಡ ಮೇಲೆ ನುಂಗಿದರಾ ಅಂತಲೂ ಕೇಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ, ವಾಂತಿಯಾಗಿ, ಮರುವಾರ ಆ ಗುಳಿಗೆಯನ್ನು ಅಟ್ಟಕ್ಕೆ ಎಸೆದವರನ್ನು ನಾನು ಕಂಡಿದ್ದೇನೆ.