ಸಾಲದ ಪಟ್ಟಿಯ ಅಂಚಿನಲ್ಲಿ ಮಗಳ ವಯಸ್ಸು

ದುಡಿಯುವ ಮಕ್ಕಳ ಕಾರಿನ ವಿಷಯಕ್ಕೆ ಮನೆಯವರೆಲ್ಲ ಆಪ್ತಸಲಹೆಗೆ ನನ್ನಲ್ಲಿಗೆ ಬರುವುದು ಈಗ ಅಪರೂಪವಲ್ಲ. ಬಂದ ಕೂಡಲೇ ಕಾರಿನ ಮಾತೆತ್ತುವುದಿಲ್ಲ. "ಮನೆಯಲ್ಲಿ ಮಾತುಕತೆ ನಿಂತುಹೋಗಿದೆ" ಎನ್ನುತ್ತಾರೆ, "ಒಟ್ಟಿಗೆ ಕುಳಿತು ಊಟ ಮಾಡದೆ ತಿಂಗಳಾಯಿತು" ಎನ್ನುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಶೋರೂಮಿನವರು ಕೊಟ್ಟ ಕೊಟೇಶನ್ ಮೇಜಿನ ಮೇಲೆ ಬರುತ್ತದೆ. ಗಂಡುಮಗನ ಕಾರಾದರೆ ತಂದೆತಾಯಿಗಳು ವೇಗದ ಭಯವನ್ನು ಹೇಳುತ್ತಾರೆ. ಹೆಣ್ಣುಮಗಳ ಕಾರಾದರೆ ನಿಜವಾದ ಕಾರಣ ಹೊರಬರುವುದು ತಡವಾಗುತ್ತದೆ. ಈ ಪ್ರಕರಣದಲ್ಲಿ ಅದು ಹೊರಬಂದ ರೀತಿ ನನ್ನನ್ನು ಬಹಳ ದಿನ ಕಾಡಿತು. ಅನುಮತಿ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿ ಬರೆಯುತ್ತಿದ್ದೇನೆ.

ಮಗಳನ್ನು ಇಲ್ಲಿ ಸುಮಾ ಎನ್ನುತ್ತೇನೆ. ಇಪ್ಪತ್ತೆಂಟು ವರ್ಷ. ಮನೆ ಉಡುಪಿಯ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ದಿನವೂ ಹೋಗಿ ಬರುತ್ತಾಳೆ. ಕೈಗೆ ಬರುವ ಸಂಬಳ 72,000 ರೂಪಾಯಿ. ತಂದೆ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿ ದೇಶಕ್ಕೆಲ್ಲ ಹರಡಿದ ಬ್ಯಾಂಕುಗಳು ಎಷ್ಟು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೀಗಾಗಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಪ್ರೀತಿಯೂ ಸಿಟ್ಟೂ ಲೆಕ್ಕದ ಭಾಷೆಯಲ್ಲೇ ಹೊರಬರುತ್ತವೆ.

ಕಾಲೇಜಿನ ದಿನಗಳಿಂದ ಸುಮಾಳಿಗೆ ಫೋಕ್ಸ್‌ವ್ಯಾಗನ್ ಕಂಪನಿಯ ಪೋಲೊ ಜಿಟಿ ಕಾರಿನ ಆಸೆ. ಕೊಳ್ಳುವಷ್ಟು ದುಡಿಯುವ ಹೊತ್ತಿಗೆ, 2022ರಲ್ಲಿ, ಅದರ ತಯಾರಿಕೆಯೇ ಇಲ್ಲಿ ನಿಂತಿತು. ಈಗ ಅವಳ ಮನಸ್ಸು ಅದೇ ಕಂಪನಿಯ ವರ್ಟಸ್‌ನ ಒಂದೂವರೆ ಲೀಟರ್ ಟರ್ಬೊ ಎಂಜಿನ್ ಮೇಲೆ: 150 ಅಶ್ವಶಕ್ತಿ, ಆನ್‌ರೋಡ್ ಬೆಲೆ ಇಪ್ಪತ್ತು ಲಕ್ಷದ ಆಚೀಚೆ. ಅವಳಲ್ಲಿ ಮೂರು ಲಕ್ಷ ಇತ್ತು. "ನಾನು ಐದು ಹಾಕುತ್ತೇನೆ" ಎಂದು ಅಪ್ಪ ತಾವಾಗಿಯೇ ಹೇಳಿದ್ದರು. ಉಳಿದ ಹನ್ನೆರಡು ಲಕ್ಷಕ್ಕೆ ಏಳು ವರ್ಷದ ಸಾಲ ಎಂದು ಅವಳು ನಿರ್ಧರಿಸಿದಳು. ಅದಾಗಿ ವಾರದೊಳಗೆ ಅಪ್ಪ ಬೇರೊಂದು ಶೋರೂಮಿಗೆ ಹೋಗಿ ಎಂಟು ಲಕ್ಷದ ಸಣ್ಣ ಕಾರೊಂದಕ್ಕೆ ಮುಂಗಡ ಕಟ್ಟಿ ಬಂದರು. ಮಗಳಿಗೆ ಅದು ಗೊತ್ತಾದದ್ದು ಅವಳ ಮೊಬೈಲಿಗೆ ಬಂದ ಬುಕಿಂಗ್ ಸಂದೇಶದಿಂದ.

ಮೊದಲ ಭೇಟಿಯಿಡೀ ಕಾರಿನ ಗುಣದೋಷಗಳಲ್ಲೇ ಮುಗಿಯಿತು. ಮಳೆಗಾಲದಲ್ಲಿ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುತ್ತದೆ, ತಗ್ಗಿನ ಕಾರು ಯಾಕೆ ಎಂದು ಅಪ್ಪ ಕೇಳಿದರು. ನೆಲದಿಂದ 179 ಮಿ.ಮೀ. ಎತ್ತರವಿದೆ ಎಂದು ಮಗಳು ಹೇಳಿದಳು. ಅಪ್ಪ ಮೈಲೇಜ್ ಎಂದರು. ಮಗಳು 2023ರ ಗ್ಲೋಬಲ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂದಿರುವುದನ್ನು ತೋರಿಸಿದಳು. ಹತ್ತು ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆಯೇ ಶೇ. 17, ಮೇಲೆ ಸೆಸ್ ಬೇರೆ ಎಂದು ಅಪ್ಪ. ಅದೂ ಸೇರಿಯೇ ಬೆಲೆ ಹೇಳಿದ್ದು ಎಂದು ಮಗಳು. ಇಬ್ಬರೂ ಹೇಳಿದ್ದು ಸರಿಯೇ. ಒಂದೊಂದು ಆಕ್ಷೇಪಕ್ಕೂ ತಕ್ಕ ಉತ್ತರ ಸಿಕ್ಕಿದರೂ ಜಗಳ ಒಂದಿಷ್ಟೂ ಕುಗ್ಗಲಿಲ್ಲ. ಹಾಗಾದಾಗ ಜಗಳದ ಬೇರು ಇನ್ನೆಲ್ಲೋ ಇದೆ ಎಂದು ನಾನು ತಿಳಿಯುತ್ತೇನೆ.

ಎರಡನೆಯ ಭೇಟಿಗೆ ಅಪ್ಪ ಕೈಯಲ್ಲೇ ಬರೆದ ಸಾಲದ ಪಟ್ಟಿಯನ್ನು ತಂದಿದ್ದರು. ಗೆರೆ ಹಾಕಿದ ಉದ್ದ ಹಾಳೆ. ವರ್ಷ, ಅಸಲು, ಬಡ್ಡಿ, ಬಾಕಿ ಎಂದು ನಾಲ್ಕು ಅಂಕಣ. ಶೇ. 9.5ರಂತೆ ತಿಂಗಳ ಕಂತು 19,613 ರೂಪಾಯಿ. ಮುತ್ತಿನಂಥ ಅಕ್ಷರ, ಒಂದು ತಿದ್ದೂ ಇಲ್ಲ. ಆದರೆ ಎಡಗಡೆಯ ಅಂಚಿನಲ್ಲಿ, ಪ್ರತಿ ವರ್ಷದ ಸಾಲಿನ ಪಕ್ಕ, ಪೆನ್ಸಿಲಿನಲ್ಲಿ ಸಣ್ಣದಾಗಿ ಇನ್ನೊಂದು ಅಂಕಿ ಇತ್ತು: 29, 30, 31. ಕೊನೆಯ ಸಾಲಿನ ಪಕ್ಕ 35.

"ಇದು ಯಾವ ಲೆಕ್ಕ?" ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ, ಅಂಗೈ ಆ ಅಂಚಿನ ಮೇಲೆ ಬಂತು. ಸುಮಾ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಮೇಲಿನಿಂದ ಕೆಳಗೆ ಓದಿದಳು.

"ಅಪ್ಪ, ನೀವು ಹಾಕಿದ್ದು ಬಡ್ಡಿಯ ಲೆಕ್ಕವಲ್ಲ. ನನ್ನ ವಯಸ್ಸಿನ ಲೆಕ್ಕ."

ಆಮೇಲೆ ಅವರು ಮುಚ್ಚಿಡಲಿಲ್ಲ. "ಸಾಲ ತೀರುವಾಗ ನಿನಗೆ ಮೂವತ್ತೈದು. ತಿಂಗಳಿಗೆ ಇಪ್ಪತ್ತು ಸಾವಿರದ ಕಂತು ಇರುವ ಹುಡುಗಿ ಎಂದರೆ ಯಾವ ಮನೆಯವರು ಮಾತು ಮುಂದುವರಿಸುತ್ತಾರೆ? ನನ್ನ ಐದು, ನಿನ್ನ ಮೂರು. ಎಂಟು ಲಕ್ಷದ ಕಾರಾದರೆ ನಿನಗೆ ಸಾಲವೇ ಇರುವುದಿಲ್ಲ ಎಂದು ನಾನು ಯೋಚಿಸಿದ್ದು."

ಆ ಐದು ಲಕ್ಷ ಮಗಳ ಆಸೆಗೆ ಕೊಟ್ಟ ಹಣವಾಗಿರಲಿಲ್ಲ. ಅವಳ ಹೆಸರಿನಲ್ಲಿ ಸಾಲ ಕಾಣದಿರಲಿ ಎಂದು ಕೊಟ್ಟದ್ದಾಗಿತ್ತು. ಮಗಳಿಗೆ ಅದು ಗೊತ್ತಿರಲಿಲ್ಲ, ಹಾಗಾಗಿ ಅವರು ಬುಕಿಂಗ್ ಮಾಡಿ ಬಂದದ್ದು ಅವಳಿಗೆ ಶುದ್ಧ ದರ್ಪವಾಗಿ ಕಂಡಿತ್ತು.

ಅಲ್ಲಿಯವರೆಗೆ ಮಾತೇ ಆಡದಿದ್ದ ತಾಯಿ ಆಗ ಹೇಳಿದ ಒಂದು ಮಾತು ಎಲ್ಲವನ್ನೂ ಬದಲಿಸಿತು. "ಮದುವೆಗೆಂದು ಇಟ್ಟ ಎಫ್‌.ಡಿ. ಬೇರೆಯೇ ಇದೆ, ಮೇಡಂ. ಅದರಲ್ಲಿ ಹುಡುಗನಿಗೆ ಕಾರು ಕೊಡಲೆಂದೇ ಒಂದು ಭಾಗ ಇಟ್ಟಿದ್ದಾರೆ." ದೂರುವ ದನಿ ಅದರಲ್ಲಿರಲಿಲ್ಲ, ಮನೆಯ ಹಣಕಾಸನ್ನು ವಿವರಿಸುತ್ತಿದ್ದರು, ಅಷ್ಟೇ.

ಸುಮಾ ಕೇಳಿದಳು: "ಆ ಕಾರು ಯಾವುದು ಎಂದು ನೀವು ಆರಿಸಿದ್ದೀರಾ ಅಪ್ಪ?"

"ಅದು ಅವರ ಇಷ್ಟ" ಎಂದರು ಅಪ್ಪ. ಹೇಳಿ ಮುಗಿಸುವಾಗಲೇ ಅವರ ಮುಖ ಇಳಿದುಹೋಯಿತು.

ಇಲ್ಲಿ ನನ್ನ ನಿಲುವನ್ನು ಮರೆಮಾಚದೆ ಹೇಳುತ್ತೇನೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ತೆಗೆದುಕೊಳ್ಳುವುದು ಎಷ್ಟು ಅಪರಾಧವೋ ಕೊಡುವುದೂ ಅಷ್ಟೇ ಅಪರಾಧ. "ನಾವು ಕೊಡುವವರಲ್ಲ, ಅವರೂ ಕೇಳುವವರಲ್ಲ, ಸಂತೋಷದಿಂದ ಒಂದು ಕಾರು" ಎಂಬ ಮಾತನ್ನು ನಮ್ಮ ಕರಾವಳಿಯಲ್ಲಿ ಓದಿದವರೇ ಆಡುತ್ತಾರೆ. ಅಳಿಯಸಂತಾನ ಪದ್ಧತಿಯ ಕಾಲದಲ್ಲಿ ಹೆಣ್ಣಿನ ಕಡೆಯಿಂದ ಆಸ್ತಿ ಹರಿದು ಬಂದ ನಾಡು ಇದು. ಇಲ್ಲಿಯೂ ಮಗಳು ತನ್ನ ಸಂಬಳದಿಂದ ಕೊಳ್ಳುವ ಕಾರಿಗೆ ನೂರು ಪ್ರಶ್ನೆ, ಇನ್ನೂ ಮುಖ ನೋಡದ ಹುಡುಗನ ಕಾರಿಗೆ ಒಂದು ಪ್ರಶ್ನೆಯೂ ಇಲ್ಲ. ಈ ತಂದೆ ಕೆಟ್ಟವರಲ್ಲ. ಮಗಳನ್ನು ಜೀವದಂತೆ ಪ್ರೀತಿಸುವವರು. ಇಂಥವರ ಕೈಯಿಂದಲೇ ಈ ಪದ್ಧತಿ ಉಳಿದುಕೊಂಡು ಬರುತ್ತಿದೆ ಎಂಬುದೇ ನನ್ನ ಸಂಕಟ.

ನಾನು ತಂದೆಗೆ ಹೇಳಿದ್ದು ಇಷ್ಟು. ಹಣ ಕೊಡುವ ಮೊದಲು ಅದು ಏನೆಂದು ಹೇಳಿ. ಉಡುಗೊರೆಯಾದರೆ ಕಾರಿನ ಆಯ್ಕೆ ಅವಳದು. ಬಣ್ಣ, ಎಂಜಿನ್, ಗೇರ್ ಯಾವುದರಲ್ಲೂ ನಿಮಗೆ ಮತವಿಲ್ಲ. ಸಾಲವಾದರೆ ಯಾವಾಗ, ಹೇಗೆ ಹಿಂತಿರುಗಿಸಬೇಕೆಂದು ಬರೆದಿಡಿ. ಅವಳ ಆಯ್ಕೆಯನ್ನು ಸಹಿಸಲು ಆಗದಿದ್ದರೆ ಕೊಡಬೇಡಿ; ಕೊಡದಿರುವುದು ತಪ್ಪಲ್ಲ, ಕೊಟ್ಟು ಹಿಡಿತ ಇಟ್ಟುಕೊಳ್ಳುವುದು ತಪ್ಪು. ಮದುವೆಯ ಆತಂಕವಿದ್ದರೆ ಅದನ್ನು ಮದುವೆಯ ಹೆಸರಿನಲ್ಲೇ ಮಾತಾಡಿ. ಅಪ್ಪ ಜಾಮೀನು ಹಾಕಿದರೆ ಸಾಲ ಬೇಗ ಆಗುತ್ತದೆ ಎಂದು ಶೋರೂಮಿನವರು ಹೇಳಿದ್ದರಂತೆ. ಅದು ಬೇಡವೆಂದೆ. ಅವಳ ಸಂಬಳವೇ ಸಾಕಾಗುವಾಗ ಇನ್ನೊಂದು ಸಹಿ ಯಾಕೆ? 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂಬುದನ್ನು ಅವರಿಗೆ ನಾನು ಕಲಿಸಬೇಕಾಗಿರಲಿಲ್ಲ. ಎಷ್ಟೋ ಜಾಮೀನುದಾರರಿಗೆ ಅವರೇ ನೋಟಿಸು ಕಳುಹಿಸಿದವರು.

ಸುಮಾಳಿಗೆ ಹೇಳಿದ್ದು ಅವಳಿಗೆ ಹಿಡಿಸಲಿಲ್ಲ. ಏಳು ವರ್ಷದ ಸಾಲ ಬೇಡ, ಐದರಲ್ಲಿ ತೀರಿಸಲಾಗದ ಕಾರನ್ನು ಕೊಳ್ಳಬೇಡ ಎಂದೆ. ಹನ್ನೆರಡು ಲಕ್ಷಕ್ಕೆ ಐದು ವರ್ಷದ ಕಂತು 25,200ರ ಹತ್ತಿರ. ಏಳು ವರ್ಷವಾದರೆ ಬಡ್ಡಿಯೇ 1.35 ಲಕ್ಷ ಹೆಚ್ಚು. ಆಮೇಲೆ ಪೆಟ್ರೋಲಿನ ಲೆಕ್ಕವನ್ನು ಅವಳ ಮೊಬೈಲಿನಲ್ಲೇ ಹಾಕಿಸಿದೆ. ಹೋಗಿ ಬರಲು 120 ಕಿ.ಮೀ., ತಿಂಗಳಿಗೆ 22 ದಿನ, ಲೀಟರಿಗೆ 15 ಕಿ.ಮೀ. ಬಂದರೂ ಸುಮಾರು ಹದಿನೆಂಟು ಸಾವಿರ. ದಾರಿಯಲ್ಲಿ ಹೆಜಮಾಡಿಯ ಟೋಲ್ ಬೇರೆ. ಕಂತಿನ ಬಗ್ಗೆ ಅಷ್ಟು ಜಗಳವಾಡಿದ ಅಪ್ಪ ಮಗಳಿಬ್ಬರೂ ಈ ಖರ್ಚನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ವಿಮೆಯಲ್ಲಿ ಎಂಜಿನ್ ರಕ್ಷಣೆಯನ್ನು ಸೇರಿಸಿಕೊಳ್ಳಲೂ ಹೇಳಿದೆ. ನಿಂತ ನೀರಿನಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಸಾಮಾನ್ಯ ವಿಮೆಯಲ್ಲಿ ಹಣ ಸಿಗುವುದು ಕಷ್ಟ.

ಆಪ್ತಸಲಹೆಗಾರರು ಕಂತು, ಬಡ್ಡಿ, ವಿಮೆಗಳಿಗೆ ಇಳಿಯಬಾರದು, ಭಾವನೆಗಳ ಮಟ್ಟದಲ್ಲಿ ನಿಲ್ಲಬೇಕು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಆ ತಂದೆ ತಮ್ಮ ಭಯವನ್ನು ಬಾಯಲ್ಲಿ ಹೇಳಿರಲಿಲ್ಲ, ಹಾಳೆಯ ಅಂಚಿನಲ್ಲಿ ಬರೆದಿದ್ದರು. ಹಾಳೆಯನ್ನು ಓದದೆ ಅವರ ಭಾವನೆಯನ್ನು ತಲುಪುವ ದಾರಿ ನನಗೆ ಇರಲಿಲ್ಲ. ಮಗಳ ಪಕ್ಷ ವಹಿಸಿದಿರಿ ಎಂಬ ಮಾತೂ ಬಂತು. ಅವಳ ಹಕ್ಕಿನ ಪಕ್ಷ ವಹಿಸಿದ್ದು ನಿಜ. ಅವಳ ಲೆಕ್ಕದ ಪಕ್ಷ ವಹಿಸಿಲ್ಲ. ದುಡಿಯುವ ಮಕ್ಕಳು ತಮ್ಮ ಸ್ವಾತಂತ್ರ್ಯವನ್ನು ತೋರಿಸಲು ಅತಿ ದೊಡ್ಡ ಕಂತನ್ನು ಹೊರುವುದನ್ನು ನೋಡಿ ನೋಡಿ ನನಗೆ ಭಯವಾಗಿದೆ. ಹಾಗೆ ಹೊತ್ತವರು ಕೆಲಸ ಬೇಸರವಾದಾಗ ಬಿಡಲಾರರು, ಮೇಲಧಿಕಾರಿ ಅವಮಾನಿಸಿದರೂ ಎದ್ದು ಬರಲಾರರು.

ಕೊನೆಗೆ ಸುಮಾ ಅದೇ ಕಾರನ್ನು ಒಂದು ಲೀಟರ್ ಎಂಜಿನ್‌ನಲ್ಲಿ, ಹದಿನೈದು ಲಕ್ಷದ ಆಸುಪಾಸಿಗೆ ಕೊಂಡಳು. 115 ಅಶ್ವಶಕ್ತಿ. ದೊಡ್ಡ ಎಂಜಿನ್ ಬಿಟ್ಟದ್ದು ಅವಳಿಗೆ ಈಗಲೂ ನೋವೇ. ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಸಾಲ ಏಳು ಲಕ್ಷ, ಐದು ವರ್ಷ, ಕಂತು 14,700. ವಾರದಲ್ಲಿ ಎರಡು ದಿನ ಕಾರು, ಉಳಿದ ದಿನ ಬಸ್ಸು. ಅಪ್ಪ ಸಣ್ಣ ಕಾರಿನ ಬುಕಿಂಗ್ ರದ್ದು ಮಾಡಿ, ಐದು ಲಕ್ಷ ಉಡುಗೊರೆ ಎಂದು ಪತ್ರ ಬರೆದುಕೊಟ್ಟರು. ತಂದೆ ಮಗಳಿಗೆ ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ, ಆದರೂ ಬರಹದಲ್ಲಿ ಇರಲಿ ಎಂದು ಅವರೇ ಹೇಳಿದರು.

ಎಫ್‌.ಡಿ.ಯಲ್ಲಿ ಹುಡುಗನ ಕಾರಿಗೆಂದು ಇಟ್ಟ ಭಾಗವನ್ನು ಏನು ಮಾಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅದನ್ನು ಸುಮಾಳ ಹೆಸರಿಗೆ ಮಾಡಬೇಕೆಂದು ತಾಯಿ ಹೇಳುತ್ತಿದ್ದಾರೆ. ತಂದೆ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ. ಅದನ್ನು ಮಾತಾಡಲು ಮೂವರೂ ಮುಂದಿನ ತಿಂಗಳು ಮತ್ತೆ ಬರುತ್ತಾರೆ. ದಿನ ಗೊತ್ತುಮಾಡಲು ತಂದೆ ಫೋನ್ ಮಾಡಿದಾಗ, ಮಗಳಿಗೆ ಯಾವ ದಿನ ಅನುಕೂಲ ಎಂದು ಮೊದಲು ಅವಳನ್ನು ಕೇಳಿಯೇ ಹೇಳುತ್ತೇನೆ ಎಂದರು.