ಗ್ಲೌಸ್‌ಗೆ 9506 ಹಾಕಬೇಡಿ, ಮೊದಲು ಅಂಗೈಯ ಭಾಗ ಯಾವುದರದ್ದೆಂದು ನೋಡಿ

ವಿಕೆಟ್‌ಕೀಪಿಂಗ್ ಗ್ಲೌಸ್, ಫುಟ್‌ಬಾಲ್ ಗೋಲ್‌ಕೀಪರ್ ಗ್ಲೌಸ್, ಬಾಕ್ಸಿಂಗ್ ಗ್ಲೌಸ್ ಮೂರನ್ನೂ ಚೀನಾದಿಂದ ಒಟ್ಟಿಗೆ ತರಿಸುತ್ತಿದ್ದೀರಿ. ಮಾರಾಟಗಾರ ಮೂರಕ್ಕೂ 9506, ಅಂದರೆ ಕ್ರೀಡಾ ಸಾಮಗ್ರಿಯ ಸುಂಕ ಕೋಡ್, ಎಂದು ಇನ್‌ವಾಯ್ಸ್‌ನಲ್ಲಿ ಬರೆದಿದ್ದಾನೆ. ಕಸ್ಟಮ್ಸ್‌ಗೆ ನೀವು ಸಲ್ಲಿಸುವ ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿಯಲ್ಲೂ ಅದನ್ನೇ ಹಾಕಬಹುದೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಹಾಕಬೇಡಿ. ಬೆಂಗಳೂರಿನಲ್ಲಿ ಆಮದುದಾರರ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವುದೇ ನನ್ನ ಕೆಲಸ. ಸಣ್ಣ ವ್ಯಾಪಾರಿಗಳು ಮಾರಾಟಗಾರನ ಕೋಡನ್ನು ನಂಬಿ ನೋಟಿಸ್ ಪಡೆಯುವುದನ್ನು ಕಂಡು ಬೇಸತ್ತಿದ್ದೇನೆ, ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ಸುಂಕ ಪಟ್ಟಿಯ 95ನೇ ಅಧ್ಯಾಯದ ಆರಂಭದಲ್ಲಿಯೇ ಒಂದು ಟಿಪ್ಪಣಿ ಇದೆ. ಈ ಅಧ್ಯಾಯಕ್ಕೆ ಏನೇನು ಸೇರುವುದಿಲ್ಲ ಎಂದು ಅದು ಹೇಳುತ್ತದೆ. ರ‍್ಯಾಕೆಟ್‌ನ ತಂತಿ ಮತ್ತು ಡೇರೆಗಳ ಜೊತೆಯಲ್ಲೇ ಕೈಗವಸುಗಳ ಹೆಸರೂ ಅಲ್ಲಿದೆ, ಅವನ್ನು ಯಾವ ವಸ್ತುವಿನಿಂದ ಮಾಡಿದೆಯೋ ಅದರ ಪ್ರಕಾರ ವರ್ಗೀಕರಿಸಬೇಕು ಎಂಬ ಸೂಚನೆಯೂ ಇದೆ. ಕ್ರಿಕೆಟ್ ಪ್ಯಾಡ್, ಶಿನ್‌ಗಾರ್ಡ್ 9506ರಲ್ಲೇ ಉಳಿಯುತ್ತವೆ. ಅದೇ ಆಟಗಾರ ತೊಡುವ ಗ್ಲೌಸ್ ಮಾತ್ರ ಹೊರಗೆ ಬೀಳುತ್ತದೆ. ಕೋಡಿನ ಮೊದಲ ಆರು ಅಂಕಿಗಳು ಹಾರ್ಮೊನೈಸ್ಡ್ ಸಿಸ್ಟಂ (ಎಚ್‌ಎಸ್) ಎಂಬ ಅಂತರರಾಷ್ಟ್ರೀಯ ಸರಕು ವರ್ಗೀಕರಣವನ್ನು ಅನುಸರಿಸುವ ಎಲ್ಲ ದೇಶಗಳಿಗೂ ಒಂದೇ ಆದ್ದರಿಂದ, ಚೀನಾದಲ್ಲಿ ಬೇರೆ ನಿಯಮವಿರಬಹುದು ಎಂಬ ಸಮಜಾಯಿಷಿಗೂ ಎಡೆಯಿಲ್ಲ.

ಹೊರಬಿದ್ದ ಗ್ಲೌಸ್ ಎಲ್ಲಿಗೆ ಹೋಗುತ್ತದೆ? ಚರ್ಮದ್ದಾದರೆ 4203, ಹೆಣೆದ ಬಟ್ಟೆಯದಾದರೆ 6116, ನೇಯ್ದ ಬಟ್ಟೆಯದಾದರೆ 6216, ಪ್ಲಾಸ್ಟಿಕ್‌ನದಾದರೆ 3926, ರಬ್ಬರಿನದಾದರೆ 4015. ಇವುಗಳ ಪೈಕಿ ಆರಂಕಿಯ ಮಟ್ಟದಲ್ಲಿ ಕ್ರೀಡೆಗೆಂದೇ ಪ್ರತ್ಯೇಕ ಸಾಲು ಇರುವುದು ಚರ್ಮದ ಗ್ಲೌಸ್‌ಗೆ ಮಾತ್ರ, ಅದು 4203.21.

ಕಷ್ಟವೆಂದರೆ, ಒಂದೇ ವಸ್ತುವಿನಿಂದ ಮಾಡಿದ ಕ್ರೀಡಾ ಗ್ಲೌಸ್ ಸಿಗುವುದು ಅಪರೂಪ. ನಿಮ್ಮ ವಿಕೆಟ್‌ಕೀಪಿಂಗ್ ಗ್ಲೌಸ್‌ನ ಅಂಗೈ ನಿಜವಾದ ಚರ್ಮದ್ದಾಗಿದ್ದರೆ ಹೆಚ್ಚು ಚಿಂತೆಯಿಲ್ಲ. ಚೆಂಡನ್ನು ಹಿಡಿಯುವ ಕೆಲಸ ಅಂಗೈಯದ್ದು, ಗ್ಲೌಸ್‌ನ ಮೂಲ ಸ್ವರೂಪ ಅಲ್ಲಿದೆ ಎಂದು, ಹಲವು ವಸ್ತುಗಳ ಸರಕನ್ನು ಅದಕ್ಕೆ ಮೂಲ ಸ್ವರೂಪ ಕೊಡುವ ವಸ್ತುವಿನ ಪ್ರಕಾರ ವರ್ಗೀಕರಿಸುವ ಸಾಮಾನ್ಯ ನಿಯಮ 3(ಬಿ) ಹಿಡಿದು ವಾದಿಸಿ 4203.21 ಹಾಕಬಹುದು. ಆದರೆ ಇನ್‌ವಾಯ್ಸ್‌ನಲ್ಲಿ ‘ಪಿಯು ಲೆದರ್’ ಎಂದಿದ್ದರೆ ಅಲ್ಲಿಗೇ ನಿಲ್ಲಿ. ಅದು ಚರ್ಮವೇ ಅಲ್ಲ, ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ.

ಬಾಕ್ಸಿಂಗ್ ಗ್ಲೌಸ್‌ಗಳಲ್ಲಿ ಬಹುಪಾಲು ಈ ಜಾತಿಯವು. ಒಂದು ಮಾದರಿಯನ್ನು ಬ್ಲೇಡಿನಿಂದ ಕೊಯ್ದು ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮೇಲಿನ ಪದರದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿದ್ದು, ಅದರ ಒಂದೇ ಬದಿಗೆ ಚಿತ್ತಾರವಿಲ್ಲದ ಸಾದಾ ಬಟ್ಟೆ ಅಂಟಿಸಿದ್ದರೆ, ಆ ಬಟ್ಟೆ ಬರೀ ಆಧಾರಕ್ಕಿದೆ ಎಂದು ಎಚ್‌ಎಸ್ ವಿವರಣಾ ಟಿಪ್ಪಣಿಗಳು ಪರಿಗಣಿಸುತ್ತವೆ. ಆಗ ಹಾಳೆ ಪ್ಲಾಸ್ಟಿಕ್ ಎನಿಸಿಕೊಂಡು ಗ್ಲೌಸ್ 3926.20ರ ಕಡೆ ವಾಲುತ್ತದೆ. ಬಟ್ಟೆಗೆ ಅದಕ್ಕಿಂತ ಹೆಚ್ಚಿನ ಪಾತ್ರವಿದ್ದರೆ 61 ಅಥವಾ 62ನೇ ಅಧ್ಯಾಯದತ್ತ ಹೋಗಬೇಕಾಗುತ್ತದೆ. ಗೋಲ್‌ಕೀಪರ್ ಗ್ಲೌಸ್‌ನ ಲೇಟೆಕ್ಸ್ ಫೋಮ್‌ಗೂ ಇದೇ ಪರೀಕ್ಷೆ, ಅಲ್ಲಿ ಜಗಳ ರಬ್ಬರಿಗೂ ಬಟ್ಟೆಗೂ. ಮೂರರಲ್ಲಿ ಅತಿ ತೊಡಕಿನದು ಇದೇ ಎಂಬುದು ನನ್ನ ಅಭಿಪ್ರಾಯ.

ಈ ಜಗಳ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕೆನಡಾದ ಒಂದು ಪ್ರಕರಣವನ್ನು ನೋಡಿ. ಇಗ್ಲೂ ವಿಕ್ಸ್ಕಿ ಎಂಬ ಕಂಪನಿ ಐಸ್ ಹಾಕಿ ಗೋಲ್‌ಕೀಪರ್‌ಗಳ ಗ್ಲೌಸ್ ಆಮದು ಮಾಡಿಕೊಂಡಿತು. ಅವು ಬಟ್ಟೆಯ ಗ್ಲೌಸ್, 62.16 ಎಂದಿತು ಕಸ್ಟಮ್ಸ್. ಒಳಗೆ ಪ್ಲಾಸ್ಟಿಕ್ ಇದೆ, ಆದ್ದರಿಂದ 39.26 ಎಂದಿತು ಕಂಪನಿ. 2013ರಲ್ಲಿ ನ್ಯಾಯಮಂಡಳಿ ಕಸ್ಟಮ್ಸ್ ಪರ ನಿಂತಿತು, 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು, 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮಂಡಳಿಯ ತೀರ್ಪನ್ನೇ ಎತ್ತಿಹಿಡಿಯಿತು. 39.26ರ ವಿವರಣೆ ಕೇಳುವುದು ಪ್ಲಾಸ್ಟಿಕ್ ಹಾಳೆಗಳನ್ನು ಹೊಲಿದು ಅಥವಾ ಬೆಸೆದು ಮಾಡಿದ ಉಡುಪನ್ನು, ಈ ಗ್ಲೌಸ್ ಹಾಗೆ ತಯಾರಾದದ್ದಲ್ಲ. ಶೀರ್ಷಿಕೆಯ ಮಾತಿಗೆ ಹೊಂದದ ವಸ್ತುವನ್ನು ಮಿಶ್ರವಸ್ತುಗಳ ನಿಯಮ 2(ಬಿ) ಹಿಡಿದು ಒಳಗೆ ತೂರಿಸಲಾಗದು, ನಿಯಮ 1ರಿಂದಲೇ, ಅಂದರೆ ಶೀರ್ಷಿಕೆಯ ಮಾತಿನಿಂದಲೇ, ಶುರುಮಾಡಬೇಕು ಎಂದಿತು ನ್ಯಾಯಾಲಯ. ನ್ಯಾಯಮೂರ್ತಿ ಸುಝಾನ್ ಕೋಟೆ ಭಿನ್ನಮತ ಬರೆದರು. ಆ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ, ಆದರೆ ನಮ್ಮ 1975ರ ಸುಂಕ ಕಾಯ್ದೆಯಲ್ಲಿರುವುದೂ ಅವೇ ಸಾಮಾನ್ಯ ನಿಯಮಗಳು.

ನಮ್ಮಲ್ಲಿ 2011ರಿಂದ ಸ್ವಯಂ ನಿರ್ಧಾರಣೆಯ, ಅಂದರೆ ಸುಂಕವನ್ನು ಆಮದುದಾರನೇ ಲೆಕ್ಕಹಾಕುವ, ಪದ್ಧತಿ ಇದೆ. ಅಂದರೆ ಕೋಡ್ ಆರಿಸಿದ ಹೊಣೆ ನಿಮ್ಮದು, ಮಾರಾಟಗಾರನದ್ದಲ್ಲ. ಕಡಿಮೆ ಸುಂಕ ಕಟ್ಟಿದ್ದೀರಿ ಎಂದು ಕಸ್ಟಮ್ಸ್ ಕಾಯ್ದೆಯ 28ನೇ ಕಲಂ ಅಡಿ ಎರಡು ವರ್ಷದವರೆಗೆ ನೋಟಿಸ್ ಕೊಡಬಹುದು, ಉದ್ದೇಶಪೂರ್ವಕವಾಗಿ ಮರೆಮಾಚಿದ್ದೀರಿ ಎಂದು ಆರೋಪಿಸಿದರೆ ಐದು ವರ್ಷದವರೆಗೆ. ಗೋಲ್‌ಕೀಪರ್ ಗ್ಲೌಸ್ ಮುಂದೆಯೂ ತರಿಸುವವರಿದ್ದರೆ ಮುಂಗಡ ತೀರ್ಪಿಗೆ, ಅಂದರೆ ಆಮದಿಗೆ ಮೊದಲೇ ಕೋಡ್ ಯಾವುದೆಂದು ತಿಳಿಸುವ ಅಧಿಕೃತ ತೀರ್ಪಿಗೆ, ಅರ್ಜಿ ಹಾಕಿ. ಕಾನೂನು ಅಥವಾ ಸರಕು ಬದಲಾಗದಿದ್ದರೆ ಆ ತೀರ್ಪು ಕೆಲವು ವರ್ಷ ನಡೆಯುತ್ತದೆ. ಈ ಸಲದ ಸರಕಿಗೆ ಅಷ್ಟು ಸಮಯವಿಲ್ಲದಿದ್ದರೆ 18ನೇ ಕಲಂ ಅಡಿ ಸುಂಕದ ತಾತ್ಕಾಲಿಕ ನಿರ್ಧಾರಣೆ ಕೇಳಿ, ಮಾದರಿ ಪ್ರಯೋಗಾಲಯಕ್ಕೆ ಹೋಗಿ ಬರಲಿ.

ಸರಕು ಇನ್ನೂ ಹಡಗು ಹತ್ತಿಲ್ಲ ಎಂದು ಬರೆದಿದ್ದೀರಿ, ಅದು ನಿಮಗೆ ಅನುಕೂಲವೇ. ಇಂದೇ ಮಾರಾಟಗಾರನಿಗೆ ಹೇಳಿ ಇನ್‌ವಾಯ್ಸ್ ಬದಲಾಯಿಸಿಕೊಳ್ಳಿ. ಮೂರು ಬಗೆಗೂ ಬೇರೆ ಬೇರೆ ಸಾಲು ಇರಲಿ, ಪ್ರತಿ ಸಾಲಿನಲ್ಲೂ ಅಂಗೈ, ಹಿಂಬದಿ, ಒಳಪದರ, ತುಂಬಿದ ಫೋಮ್ ಯಾವುದರದ್ದು, ತೂಕದಲ್ಲಿ ಯಾವುದು ಎಷ್ಟು, ಬಟ್ಟೆ ನೇಯ್ದದ್ದೋ ಹೆಣೆದದ್ದೋ ಎಂಬುದು ಇರಲಿ. ಜೊತೆಗೆ ಪ್ರತಿ ಬಗೆಯ ಒಂದೊಂದು ಜೊತೆಯನ್ನು ಕೊರಿಯರ್‌ನಲ್ಲಿ ಮೊದಲೇ ತರಿಸಿಕೊಂಡು, ಕೊಯ್ದು ನೋಡಿದ ಮೇಲೆ ಕೋಡ್ ಬರೆಯಿರಿ.